ಹಣ ಅಂದ್ರೆ ಯಾವ ಹಣ?

(ಭಾಗ 1/10)
ಜಾಲಹಳ್ಳಿ ಕ್ರಾಸ್ ಹತ್ರ ನಮ್ಮಜ್ಜಿ ಹೂವು ಮಾರ್ತಾರೆ. ಬುಟ್ಟಿ ಪಕ್ಕದಲ್ಲಿ ಕ್ಯೂಆರ್ ಕೋಡ್ ಬೋರ್ಡು, ಅದರ ಜೊತೆ ಒಂದು ಪುಟ್ಟ ಸೌಂಡ್‌ಬಾಕ್ಸ್. ಕಾಲೇಜು ಮುಗಿಸ್ಕೊಂಡು ಬರುವಾಗ ನಾನು ಅಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ತೀನಿ. ಯಾರೋ ಒಬ್ಬರು ಪೀಣ್ಯ ಕಡೆಯಿಂದ ಶಿಫ್ಟ್ ಮುಗಿಸಿ ಬಂದು, ಎರಡು ಮೊಳ ತಗೊಂಡು, ಫೋನ್ ತೋರಿಸಿ ಹೋಗ್ತಾರೆ. ಪೆಟ್ಟಿಗೆ "ನಲವತ್ತು ರೂಪಾಯಿ" ಅನ್ನುತ್ತೆ. ಆದ್ರೂ ಅಜ್ಜಿ ನನ್ನ ಕಡೆ ತಿರುಗಿ ಕೇಳೋದು ಒಂದೇ: "ಕಾಸು ಬಂತೇನ್ಲಾ?"

ಮೊನ್ನೆ ಈ ಮಾತು ತಲೇಲಿ ಕೂತ್ಕೊಂಡ್ಬಿಡ್ತು. ಕಾಸು? ಎಲ್ಲಿದೆ ಕಾಸು? ಅಲ್ಲಿ ನಾಣ್ಯನೂ ಇಲ್ಲ, ನೋಟೂ ಇಲ್ಲ. ಬಂದಿದ್ದು ಒಂದು ಶಬ್ದ ಮಾತ್ರ.

ನಮ್ಮ ಕ್ಲಾಸಲ್ಲೇ ನೋಡಿ. ಹುಬ್ಬಳ್ಳಿ ಹುಡುಗ "ರೊಕ್ಕ" ಅಂತಾನೆ. ಮಂಡ್ಯದವನು "ದುಡ್ಡು" ಅಂತಾನೆ. ಮೇಷ್ಟ್ರು "ಹಣ" ಅಂತಾರೆ. ಅಜ್ಜಿ "ಕಾಸು" ಅಂತಾರೆ. ನಾಲ್ಕಕ್ಕೂ ಒಂದೇ ಅರ್ಥ ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ಹುಡುಕ್ತಾ ಹೋದಾಗ ಗೊತ್ತಾಗಿದ್ದು ಬೇರೆ: ಒಂದು ಕಾಲದಲ್ಲಿ ಹಣ, ದುಡ್ಡು, ಕಾಸು ಮೂರೂ ಬೇರೆ ಬೇರೆ ವಸ್ತುಗಳು. ನೂರಿನ ನೋಟು, ಐದರ ನಾಣ್ಯ ಹೇಗೆ ಬೇರೆಯೋ ಹಾಗೆ.

"ಹಣ್ಣು" ಅನ್ನೋದು ಸಾಮಾನ್ಯ ಪದ, "ಮಾವು" ಅನ್ನೋದು ವಿಶೇಷ ಪದ. ಮಾವೆಲ್ಲ ಹಣ್ಣೇ, ಆದ್ರೆ ಹಣ್ಣೆಲ್ಲ ಮಾವಲ್ಲ. ಬರೀ "ಹಣ್ಣು" ತಿನ್ನೋಕೆ ಯಾರಿಂದಲೂ ಆಗಲ್ಲ, ತಿಂದ್ರೆ ಮಾವನ್ನೋ ಬಾಳೆಯನ್ನೋ ತಿನ್ನಬೇಕು. ದುಡ್ಡಿನ ಕಥೆಯಲ್ಲಿ ಏನಾಯ್ತು ಅಂದ್ರೆ, ಮಾವಿನ ಹೆಸರೇ ಹೋಗಿ ಎಲ್ಲ ಹಣ್ಣಿಗೂ ಹೆಸರಾಗಿ ಕೂತ್ಕೊಂಡಿತು. ಹೇಗೆ ಅಂತ ಮುಂದೆ ಹೇಳ್ತೀನಿ. ಸ್ವೈಪ್ ಮಾಡ್ತಾ ಬನ್ನಿ.

(ಭಾಗ 2/10)
ಮೊದಲು "ಹಣ".

ಹಳಗನ್ನಡದಲ್ಲಿ ಇದು "ಪಣ". ಕನ್ನಡದಲ್ಲಿ ಪದದ ಮೊದಲಿನ ಪಕಾರ ನಿಧಾನವಾಗಿ ಹಕಾರ ಆಯ್ತು, ಇದು ನಮಗೆ ಪಿಯುಸಿಯಲ್ಲೇ ಹೇಳಿಕೊಟ್ಟಿದ್ದಾರೆ. ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಅಜ್ಜಿ ಮಾರೋ ಪೂವು ಹೂವಾಯ್ತು. ಹಾಗೇ ಪಣ ಹಣವಾಯ್ತು. ತಮಿಳು, ಮಲಯಾಳದಲ್ಲಿ ಇವತ್ತಿಗೂ ಅದು "ಪಣಂ". ಇಂಗ್ಲಿಷರು ಅದನ್ನೇ "ಫನಂ" ಅಂತ ಬರ್ಕೊಂಡ್ರು.

ಇನ್ನೂ ಹಿಂದಕ್ಕೆ ಹೋದ್ರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಂಡ, ಸಂಬಳ ಎಲ್ಲದರ ಲೆಕ್ಕ "ಪಣ"ದಲ್ಲೇ ಇದೆ. ಸಂಸ್ಕೃತದ ಅದೇ ಪದಕ್ಕೆ ಜೂಜಿನಲ್ಲಿ ಒಡ್ಡೋದು ಅನ್ನೋ ಅರ್ಥವೂ ಇದೆ. ನಾವು ಇವತ್ತೂ "ಪಣ ತೊಟ್ಟ", "ಪ್ರಾಣ ಪಣಕ್ಕಿಟ್ಟ" ಅಂತೀವಲ್ಲ, ಅದೇ ಇದು. ಒಂದೇ ಪದ ಎರಡಾಗಿ ಒಡೆದು, ಒಂದು ನಮ್ಮ ಬಾಯಲ್ಲಿ ಹಣ ಆಯ್ತು, ಇನ್ನೊಂದು ಪಣವಾಗೇ ಉಳೀತು.

ಕನ್ನಡ ನಾಡಿನಲ್ಲಿ ಹಣ ಅಂದ್ರೆ ಒಂದು ಪುಟಾಣಿ ಚಿನ್ನದ ನಾಣ್ಯ. ವಿಜಯನಗರದ ಕಾಲದ ಲೆಕ್ಕ ಹೀಗೆ: ದೊಡ್ಡ ಚಿನ್ನದ ನಾಣ್ಯ ವರಹ, ತೂಕ ಸುಮಾರು 3.4 ಗ್ರಾಂ. ಹತ್ತು ಹಣ ಸೇರಿದ್ರೆ ಒಂದು ವರಹ. ಅಂದ್ರೆ ಒಂದು ಹಣದ ತೂಕ ಒಂದು ಗ್ರಾಮಿನ ಮೂರನೇ ಒಂದು ಭಾಗದಷ್ಟು. ಬೆರಳಲ್ಲಿ ಹಿಡಿಯೋಕೂ ಕಷ್ಟ, ಕೆಳಗೆ ಬಿದ್ರೆ ಹುಡುಕೋದು ಇನ್ನೂ ಕಷ್ಟ. ಹಣದ ಕಾಲು ಭಾಗಕ್ಕೆ ಹಾಗ ಅಂತ ಹೆಸರು. ಹದಿನಾರನೇ ಒಂದು ಭಾಗಕ್ಕೆ ವೀಸ. ಅದಕ್ಕೂ ಮೊದಲು, ಚಾಲುಕ್ಯರು, ಹೊಯ್ಸಳರ ಶಾಸನಗಳಲ್ಲಿ ವರಹದ ಜಾಗದಲ್ಲಿ ಗದ್ಯಾಣ ಇದೆ.

ದೇವಸ್ಥಾನಕ್ಕೆ ದೀಪದ ಎಣ್ಣೆಗೆ ದಾನ ಕೊಟ್ಟವರ ಶಾಸನ ಓದಿ ನೋಡಿ. ಎಷ್ಟು ಗದ್ಯಾಣ, ಎಷ್ಟು ಪಣ, ಎಷ್ಟು ಹಾಗ ಅಂತ ಕಲ್ಲಲ್ಲೇ ಕೆತ್ತಿರ್ತಾರೆ. ಸುಮ್ನೆ "ಸ್ವಲ್ಪ ದುಡ್ಡು ಕೊಟ್ಟ" ಅಂತ ಯಾರೂ ಕಲ್ಲಲ್ಲಿ ಬರೆಸಲ್ಲ. ಸಾಮಾನ್ಯವಾಗಿ ಸಂಪತ್ತು ಅನ್ನಬೇಕಾದ್ರೆ ಅವರ ಹತ್ರ ಧನ, ದ್ರವ್ಯ ಅನ್ನೋ ಪದಗಳಿದ್ದವು. ಪಣ ಅಂದ್ರೆ ಪಣ ಅಷ್ಟೇ, ಎಣಿಸಿ ಕೊಡೋ ವಸ್ತು.

(ಭಾಗ 3/10)
ಈಗ ನಮ್ಮ ಏರಿಯಾಗೆ ಬರೋಣ.

ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದ್ದು ಎಲ್ಲರಿಗೂ ಗೊತ್ತು. ವಿಜಯನಗರದ ಅರಸರು ಅವರಿಗೆ ಬಿಟ್ಟುಕೊಟ್ಟ ಹೋಬಳಿಗಳ ಪಟ್ಟಿ ಹಳೇ ಗೆಜೆಟಿಯರ್‌ಗಳಲ್ಲಿ ಸಿಗುತ್ತೆ. ಅದರಲ್ಲಿ ವರ್ತೂರು ಇದೆ, ಜಿಗಣಿ ಇದೆ, ಬಾಣಾವರ ಇದೆ, ಹೆಸರಘಟ್ಟ ಇದೆ. ಇವತ್ತಿನ ಭಾಷೇಲಿ ಹೇಳೋದಾದ್ರೆ ವೈಟ್‌ಫೀಲ್ಡ್ ಪಕ್ಕ, ಎಲೆಕ್ಟ್ರಾನಿಕ್ ಸಿಟಿ ಪಕ್ಕ, ಪೀಣ್ಯದ ಆಚೆ. ಈ ಎಲ್ಲ ಹೋಬಳಿಗಳ ಒಟ್ಟು ಹುಟ್ಟುವಳಿ 30,000 ವರಹ ಅಂತ ಬರೆದಿದ್ದಾರೆ. ಇವತ್ತು ಟೆಕ್ ಪಾರ್ಕ್ ಇರೋ ನೆಲಕ್ಕೆ ಆಗ ರಾಗಿ, ಭತ್ತ, ಕೆರೆ ನೀರಿನ ಲೆಕ್ಕದಲ್ಲಿ ಬೆಲೆ. ಆ ಬೆಲೆ ಹೇಳೋಕೆ ಬಳಸಿದ ಪದ ವರಹ.

ವರಾಹ ಅಂದ್ರೆ ಹಂದಿ, ವಿಷ್ಣುವಿನ ಅವತಾರ. ನಾಣ್ಯದ ಮೇಲೆ ಆ ಲಾಂಛನ ಇದ್ದಿದ್ದರಿಂದ ಈ ಹೆಸರು ಬಂತು ಅಂತಾರೆ. ತಮಾಷೆ ಏನು ಗೊತ್ತಾ? ವಿಜಯನಗರದ ಬಹಳಷ್ಟು ವರಹಗಳ ಮೇಲೆ ಹಂದಿ ಚಿತ್ರನೇ ಇಲ್ಲ. ಉಮಾಮಹೇಶ್ವರ ಇದ್ದಾರೆ, ಲಕ್ಷ್ಮೀನಾರಾಯಣ ಇದ್ದಾರೆ, ಗಂಡಭೇರುಂಡ ಇದೆ, ಕೃಷ್ಣದೇವರಾಯರ ನಾಣ್ಯದ ಮೇಲೆ ಬಾಲಕೃಷ್ಣ ಇದ್ದಾನೆ. ಆದ್ರೂ ಜನ ಎಲ್ಲಕ್ಕೂ ವರಹ ಅಂತಾನೇ ಕರೆದ್ರು. ಒಂದು ನಾಣ್ಯದ ಹೆಸರು ಅದೇ ತೂಕದ ಎಲ್ಲ ನಾಣ್ಯಕ್ಕೂ ಅಂಟ್ಕೊಂಡಿತು. ನಾವು ಯಾವ ಅಂಗಡಿ ಮೆಷಿನ್ನಲ್ಲಿ ನಕಲು ತೆಗೆಸಿದ್ರೂ "ಜೆರಾಕ್ಸ್" ಅನ್ನಲ್ವಾ, ಹಾಗೇ.

ಇದೇ ನಾಣ್ಯಕ್ಕೆ ಮುಸ್ಲಿಂ ಆಳರಸರು "ಹುನ್" ಅಂದ್ರು. ಅದು ನಮ್ಮ "ಹೊನ್ನು". ಯುರೋಪಿಯನ್ನರು "ಪಗೋಡ" ಅಂದ್ರು.

ಕೆಂಪೇಗೌಡರ ಬಗ್ಗೆ ಒಂದು ಪ್ರತೀತಿ ಇದೆ: ಅಪ್ಪಣೆ ಇಲ್ಲದೆ ಭೈರವನ ಹೆಸರಲ್ಲಿ ಸ್ವಂತ ನಾಣ್ಯ ಟಂಕಿಸಿದ್ರು, ಅದಕ್ಕೆ ವಿಜಯನಗರದವರು ಆನೆಗೊಂದಿಯಲ್ಲಿ ಸೆರೆ ಇಟ್ರು ಅಂತ. ಸಂಪತ್ತು ಇಟ್ಕೊಂಡಿದ್ದಕ್ಕೆ ಯಾರೂ ಸೆರೆ ಹಾಕಿಲ್ಲ ನೋಡಿ. ಆ ಸಂಪತ್ತಿಗೆ ತಮ್ಮದೇ ಮುದ್ರೆ ಒತ್ತಿದ್ದಕ್ಕೆ ಸೆರೆ. ಸಾಮಾನ್ಯವಾಗಿ ಧನ ಯಾರ ಹತ್ರ ಬೇಕಾದ್ರೂ ಇರಬಹುದು. ನಾಣ್ಯಕ್ಕೆ ಮುದ್ರೆ, ಹೆಸರು ಕೊಡೋ ಅಧಿಕಾರ ಮಾತ್ರ ರಾಜನದ್ದು.

(ಭಾಗ 4/10)
ಈ ಸೀರೀಸಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದ್ರು. ಅವರು ನರಸಿಂಹನ ಚಿತ್ರ ಇರೋ ಚಿನ್ನದ ಹಣ ಟಂಕಿಸಿದ್ರು. ಜನ ಅದನ್ನ ಕಂಠೀರಾಯಿ ಹಣ ಅಂದ್ರು. ಹತ್ತು ಕಂಠೀರಾಯಿ ಹಣ ಸೇರಿದ್ರೆ ಒಂದು ಕಂಠೀರಾಯಿ ವರಹ.

ಆದ್ರೆ ಕಂಠೀರಾಯಿ ವರಹ ಅನ್ನೋ ನಾಣ್ಯ ಇರಲೇ ಇಲ್ಲ! ಅದು ಬರೀ ಲೆಕ್ಕದ ಹೆಸರು. ಶಾನುಭೋಗರ ಕಡತದಲ್ಲಿತ್ತು, ಕೈಯಲ್ಲಿ ಇರಲಿಲ್ಲ. ಕೊಡುವಾಗ ಹತ್ತು ಹಣ ಎಣಿಸಿ ಕೊಡಬೇಕು. ಅಕೌಂಟ್ಸ್ ಓದೋರಿಗೆ ಇದು ಥಟ್ ಅಂತ ಅರ್ಥ ಆಗುತ್ತೆ: ಮುಟ್ಟೋಕೆ ಆಗದ ವಸ್ತುವಿಗೂ ಪುಸ್ತಕದಲ್ಲಿ ಬೆಲೆ ಇರುತ್ತೆ.

ಆಮೇಲೆ ಹೈದರಾಲಿಯ ಬಹಾದ್ದೂರಿ ವರಹ ಬಂತು. ಟಿಪ್ಪು ಅಂತೂ ಒಂದೊಂದು ನಾಣ್ಯಕ್ಕೂ ಒಂದೊಂದು ಹೆಸರಿಟ್ಟ. ಚಿನ್ನದ್ದು ಅಹಮದಿ, ಸಿದ್ದಿಕಿ, ಫಾರೂಕಿ. ಬೆಳ್ಳಿಯ ಎರಡು ರೂಪಾಯಿ ಹೈದರಿ, ಒಂದು ರೂಪಾಯಿ ಇಮಾಮಿ. ತಾಮ್ರದ ಪೈಸೆ ಜೋಹ್ರಾ. ಪಕ್ಕದ ಮದ್ರಾಸಿನಲ್ಲಿ ಕಂಪನಿಯವರ ಸ್ಟಾರ್ ಪಗೋಡ. ಎಲ್ಲಾನೂ ಸಂತೆಗೆ ಬರ್ತಿತ್ತು, ಎಲ್ಲದರ ಚಿನ್ನ ಒಂದೇ ಅಲ್ಲ.

ಹಾಗಾಗಿ "ನೂರು ವರಹ ಕೊಡ್ತೀನಿ" ಅಂದ್ರೆ ಎದುರಿಗಿರೋ ವ್ಯಾಪಾರಿ ಕೇಳಲೇಬೇಕಾದ ಪ್ರಶ್ನೆ: "ಯಾವ ವರಹ?" ಇದನ್ನ ತೂಗಿ, ಉಜ್ಜಿ, ಪರೀಕ್ಷೆ ಮಾಡಿ ಹೇಳೋಕೆ ಅಂತಾನೇ ಚಿನಿವಾರರು ಇದ್ರು. ಪೇಪರಿನಲ್ಲಿ ಚಿನ್ನ ಬೆಳ್ಳಿ ರೇಟಿನ ಮೇಲೆ "ಚಿನಿವಾರ ಪೇಟೆ" ಅಂತ ಹಾಕ್ತಾರಲ್ಲ, ಆ ಹೆಸರು ಅವರದ್ದೇ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರಿಗೂ ಕಂಪನಿಗೂ ಒಪ್ಪಂದ ಆಯ್ತು. ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕು. ಆದ್ರೆ ಕಾಗದದಲ್ಲಿ ಬರೀ ವರಹ ಅಂತ ಬರೀಲಿಲ್ಲ, "ಸ್ಟಾರ್ ಪಗೋಡ" ಅಂತಾನೇ ಬರೆದ್ರು. ಅದೇ ವರ್ಷ ಸೀಮೆಗಳನ್ನ ಹಂಚಿಕೊಂಡ ಪಟ್ಟಿಯಲ್ಲಿ ಹುಟ್ಟುವಳಿ ಲೆಕ್ಕ ಮಾತ್ರ ಕಂಠೀರಾಯಿ ವರಹದಲ್ಲಿದೆ. ಒಂದು ಸ್ಟಾರ್ ಪಗೋಡಕ್ಕೆ ಮೂರೂವರೆ ರೂಪಾಯಿ. ಹಾಗಾಗಿ ಏಳು ಲಕ್ಷ ಅಂದ್ರೆ 24.5 ಲಕ್ಷ ರೂಪಾಯಿ. ಕಂಠೀರಾಯಿ ವರಹದ ಬೆಲೆ ಇದಕ್ಕಿಂತ ಕಮ್ಮಿ. ಪದ ಒಂದೇ ಬದಲಾಗಿದ್ರೂ ಪ್ರತಿ ವರ್ಷ ಲಕ್ಷಗಟ್ಟಲೆ ರೂಪಾಯಿ ವ್ಯತ್ಯಾಸ. ಆ ದುಡ್ಡು ಕಟ್ಟೋನು ರಾಜ ಅಲ್ಲ, ರಾಗಿ ಬೆಳೆಯೋ ರೈತ.

"ಯಾವ ವರಹ?" ಈ ಪ್ರಶ್ನೆ ನೆನಪಿಟ್ಕೊಳ್ಳಿ. ಒಂಬತ್ತನೇ ಭಾಗದಲ್ಲಿ ಬೇಕಾಗುತ್ತೆ.

(ಭಾಗ 5/10)
ಈಗ ಕಾಸು ಮತ್ತು ದುಡ್ಡು.

ಎರಡೂ ತಾಮ್ರದ ಚಿಲ್ಲರೆ ನಾಣ್ಯಗಳು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳ ಮೇಲೆ ಒಂದು ಆನೆ ಇದೆ, ಕನ್ನಡದಲ್ಲಿ "ಕಾಸು" ಅಂತಿದೆ, ಇಂಗ್ಲಿಷಿನಲ್ಲಿ "ಕ್ಯಾಶ್" ಅಂತಿದೆ. ಇಪ್ಪತ್ತು ಕ್ಯಾಶ್, ಹತ್ತು ಕ್ಯಾಶ್, ಐದು ಕ್ಯಾಶ್. ಈ ಕ್ಯಾಶ್ ನಮ್ಮ ಕಾಸೇ. ಪೋರ್ಚುಗೀಸರ ಬಾಯಿ ದಾಟಿ ಇಂಗ್ಲಿಷಿಗೆ ಹೋಯ್ತು. ಆದ್ರೆ ನಾವು ಕ್ಯಾಶ್ ಬುಕ್ ಬರೀತೀವಲ್ಲ, ಆ ಕ್ಯಾಶ್ ಬೇರೆ ಪದ. ಅದು ಫ್ರೆಂಚಿನ ಪೆಟ್ಟಿಗೆ ಅನ್ನೋ ಅರ್ಥದ ಪದದಿಂದ ಬಂದಿದ್ದು. ದುಡ್ಡಿಡೋ ಪೆಟ್ಟಿಗೆಯ ಹೆಸರು ಒಳಗಿರೋ ದುಡ್ಡಿಗೆ ಬಂತು. ಎರಡು ಬೇರೆ ಊರಿನ ಪದಗಳು ಒಂದೇ ವೇಷ ಹಾಕ್ಕೊಂಡು ಓಡಾಡ್ತಿವೆ. ಪರೀಕ್ಷೇಲಿ ಕನ್ಫ್ಯೂಸ್ ಆಗ್ಬೇಡಿ!

ಈಗ ಪೀಣ್ಯದ ಒಂದು ಟೀ ಅಂಗಡಿ ಮುಂದೆ ನಿಂತ್ಕೊಳ್ಳಿ. ಇಲ್ಲಾ ವೈಟ್‌ಫೀಲ್ಡಿನ ಯಾವುದಾದ್ರೂ ಪೀಜಿಗೆ ಹೋಗಿ. ಯಾರ್ಯಾರು ದುಡ್ಡಿಗೆ ಏನಂತಾರೆ ಅಂತ ಕೇಳಿ ನೋಡಿ.

ತೆಲುಗಿನವರು "ಡಬ್ಬು" ಅಂತಾರೆ. ಡಬ್ಬು ಒಂದು ತಾಮ್ರದ ನಾಣ್ಯ.
ತಮಿಳಿನವರು "ಪಣಂ", "ಕಾಸು". ಎರಡೂ ನಾಣ್ಯ.
ಹಿಂದಿಯವರು "ಪೈಸಾ". ನಾಣ್ಯ.
ಬಂಗಾಳಿಯವರು "ಟಾಕಾ", ಒಡಿಯಾದವರು "ಟಂಕಾ". ಟಂಕ ಅನ್ನೋ ಬೆಳ್ಳಿ ನಾಣ್ಯ.
ಕನ್ನಡದವರು ಹಣ, ದುಡ್ಡು, ಕಾಸು. ಮೂರೂ ನಾಣ್ಯ.
ಸ್ಪೇನಿನವರು "ದಿನೇರೊ". ರೋಮನ್ನರ ದಿನಾರಿಯಸ್ ನಾಣ್ಯ.

ಉತ್ತರ ಕರ್ನಾಟಕದ "ರೊಕ್ಕ" ಸ್ವಲ್ಪ ಬೇರೆ. ಅದರ ಮೂಲ ಅರ್ಥ ಸಾಲ ಅಲ್ಲದ್ದು, ಕೈಮೇಲೆ ಕೊಡೋ ನಗದು. ಒಂದು ನಾಣ್ಯದ ಹೆಸರಲ್ಲ, ಕೊಡೋ ರೀತಿಯ ಹೆಸರು.

ಇದರಲ್ಲಿ ನನಗೆ ಕಂಡಿದ್ದು ಒಂದು. ಎಲ್ಲ ದುಡ್ಡಿಗೂ ಹೆಸರಾಗಿ ಗೆದ್ದಿರೋದು ಹೆಚ್ಚಾಗಿ ಚಿಕ್ಕ ನಾಣ್ಯಗಳೇ. "ನಿನ್ ಹತ್ರ ವರಹ ಇದ್ಯಾ?" ಅಂತ ಯಾರೂ ಕೇಳಲ್ಲ. "ಗದ್ಯಾಣ ಕೊಡೋ ಮಗಾ" ಅಂತ ಯಾರೂ ಅನ್ನಲ್ಲ. ದೊಡ್ಡ ನಾಣ್ಯ ಶಾಸನದಲ್ಲಿ, ಒಪ್ಪಂದದಲ್ಲಿ ಉಳೀತು. ಸಂತೇಲಿ ದಿನಾ ಸಾವಿರ ಕೈ ಬದಲಾಯಿಸೋದು ಕಾಸು, ದುಡ್ಡು. ಹಣ ಚಿನ್ನದ್ದೇ ಆದ್ರೂ ಚಿನ್ನದ ನಾಣ್ಯಗಳಲ್ಲಿ ಅದೇ ಪುಟ್ಟದು. ಬಳಸೋ ಬಾಯಿ ಹೆಚ್ಚಿದ್ದ ಪದ ಗೆದ್ದಿತು ಅಂತ ನನ್ನ ಊಹೆ. ಟಂಕ ಮಾತ್ರ ಇದಕ್ಕೆ ಒಗ್ಗಲ್ಲ, ಅದು ದೊಡ್ಡ ನಾಣ್ಯನೇ. ಹಾಗಾಗಿ ಇದನ್ನ ನಿಯಮ ಅಂತ ಬರ್ಕೊಬೇಡಿ.

(ಭಾಗ 6/10)
ಚಿಕ್ಕ ಬ್ರೇಕ್. ಪದಗಳು ಹೀಗೆ ಒಂದೇ ದಿಕ್ಕಿಗೆ ಹೋಗ್ತವಾ? ಇಲ್ಲ.

ವಿಶೇಷದಿಂದ ಸಾಮಾನ್ಯಕ್ಕೆ: ಎಣ್ಣೆ. ಇದು ಎಳ್ಳು ಮತ್ತು ನೆಯ್ ಸೇರಿ ಆದ ಪದ. ಅಂದ್ರೆ ಮೊದಲು ಎಳ್ಳಿನ ಜಿಡ್ಡಿಗೆ ಮಾತ್ರ ಎಣ್ಣೆ ಅಂತಿದ್ರು. ಆಮೇಲೆ ಕಡಲೆಕಾಯಿ, ಕೊಬ್ಬರಿ, ಸೂರ್ಯಕಾಂತಿ, ಕೊನೆಗೆ ಸೀಮೆಎಣ್ಣೆವರೆಗೂ ಎಲ್ಲಾನೂ ಎಣ್ಣೆ. ಈಗ "ಎಳ್ಳೆಣ್ಣೆ" ಅಂತೀವಿ. ಎಳ್ಳು ಒಂದೇ ಪದದಲ್ಲಿ ಎರಡು ಸಲ ಬಂತು, ಯಾರಿಗೂ ಗೊತ್ತೇ ಆಗಲ್ಲ!

ಸಾಮಾನ್ಯದಿಂದ ವಿಶೇಷಕ್ಕೆ: ಅದೇ ಎಣ್ಣೆ. ಶನಿವಾರ ರಾತ್ರಿ ಫ್ರೆಂಡ್ "ಎಣ್ಣೆ ಹೊಡೆಯೋಣ" ಅಂದ್ರೆ ಕಡಲೆಕಾಯಿ ಎಣ್ಣೆ ಅಂತ ಯಾರೂ ಅಂದ್ಕೊಳ್ಳಲ್ಲ.

ಗಾಡಿ. ಮೊದಲು ಎತ್ತಿನ ಗಾಡಿ, ಕುದುರೆ ಗಾಡಿ. ಆಮೇಲೆ ಚಕ್ರ ಇರೋದೆಲ್ಲ ಗಾಡಿ. ಈಗ ಕಾಲೇಜಲ್ಲಿ "ಗಾಡಿ ತಂದಿದ್ದೀಯಾ?" ಅಂದ್ರೆ ಬೈಕೋ ಸ್ಕೂಟರೋ ಮಾತ್ರ. ಕಾರು ತಂದೋನು "ಕಾರು ತಂದಿದ್ದೀನಿ" ಅಂತ ಬೇರೆಯಾಗೇ ಹೇಳ್ತಾನೆ.

ಅನ್ನ. ಸಂಸ್ಕೃತದಲ್ಲಿ ತಿನ್ನೋದೆಲ್ಲ ಅನ್ನ. ನಮ್ಮನೇಲಿ ಅನ್ನ ಅಂದ್ರೆ ಬೇಯಿಸಿದ ಅಕ್ಕಿ. ಮುದ್ದೆ ಅನ್ನ ಅಲ್ಲ.

ಇನ್ನು ದುಡ್ಡಿಗೆ ಸಂಬಂಧಪಟ್ಟಿದ್ದು: ಧನ. ಸಂಪತ್ತು ಅನ್ನೋ ಸಾಮಾನ್ಯ ಪದ. ಅದರ ತದ್ಭವ ನಮ್ಮ "ದನ". ರೈತನ ಮನೇಲಿ ಸಂಪತ್ತು ಅಂದ್ರೆ ಕೊಟ್ಟಿಗೆಯಲ್ಲಿ ಕಟ್ಟಿರೋದೇ ಅಲ್ವಾ? ಹಾಗಾಗಿ ಇಡೀ ಸಂಪತ್ತಿನ ಹೆಸರು ಹಸು ಎತ್ತಿಗೆ ಬಂದು ನಿಂತಿತು. ಲ್ಯಾಟಿನ್ನಿನಲ್ಲಿ ಇದರ ಉಲ್ಟಾ ಆಗಿದೆ: ದನಕ್ಕಿದ್ದ "ಪೆಕು" ಅನ್ನೋ ಪದದಿಂದ ದುಡ್ಡಿಗೆ "ಪೆಕೂನಿಯ" ಆಯ್ತು.

ಸಂಬಳ. ಸಂಸ್ಕೃತದ ಶಂಬಲ ಅಂದ್ರೆ ದಾರಿಗೆ ಕಟ್ಟಿಕೊಡೋ ಬುತ್ತಿ. ಪ್ರಯಾಣಕ್ಕೆ ಕೊಡೋ ಊಟ ಈಗ ತಿಂಗಳ ಕೊನೆಗೆ ಬರೋ ಮೊತ್ತ ಆಗಿದೆ. ನಮ್ಮಪ್ಪ ಬೆಳಿಗ್ಗೆ ಆರಕ್ಕೆ ಪೀಣ್ಯಕ್ಕೆ ಹೊರಡುವಾಗ ಅಮ್ಮ ಬಾಕ್ಸ್ ಕಟ್ಟಿಕೊಡ್ತಾರಲ್ಲ, ಪದದ ಲೆಕ್ಕದಲ್ಲಿ ನಿಜವಾದ ಸಂಬಳ ಅದೇ!

(ಭಾಗ 7/10)
ಮತ್ತೆ ಇತಿಹಾಸಕ್ಕೆ.

ಕಂಪನಿ ಸರ್ಕಾರ 1835ರಲ್ಲಿ ತನ್ನ ಪ್ರದೇಶಕ್ಕೆಲ್ಲ ಒಂದೇ ಬೆಳ್ಳಿ ರೂಪಾಯಿ ಮಾಡ್ತು. ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಬಂದು, 1843ರಲ್ಲಿ ಮುಚ್ಚಿತು. ಅಲ್ಲಿಂದ ಹಣ, ವರಹ, ಕಾಸು ಟಂಕಿಸೋರು ಯಾರೂ ಇಲ್ಲ. ವಸ್ತು ಹೋಯ್ತು. ಪದ ಹೋಗಲಿಲ್ಲ. ಹಿಡಿದುಕೊಳ್ಳೋಕೆ ತನ್ನದೇ ನಾಣ್ಯ ಇಲ್ಲದ ಪದ ಎಲ್ಲ ನಾಣ್ಯಕ್ಕೂ ಹೆಸರಾಗಿ ನಿಂತ್ಕೊಳ್ತು.

ರೂಪಾಯಿಗೆ 16 ಆಣೆ. ಆಣೆಗೆ 4 ಪೈಸೆ. ಹಾಗಾಗಿ ರೂಪಾಯಿಗೆ 64 ಪೈಸೆ. 1957ರ ಏಪ್ರಿಲ್ 1ರಂದು ದೇಶ ದಶಮಾಂಶ ಪದ್ಧತಿಗೆ ಬಂತು. ರೂಪಾಯಿಗೆ 100 ಪೈಸೆ. ಹಳೇ ಪೈಸೆ ಇನ್ನೂ ಚಲಾವಣೇಲಿ ಇದ್ದಿದ್ದರಿಂದ ಹೊಸದಕ್ಕೆ ಬೇರೆ ಹೆಸರು ಬೇಕಾಯ್ತು. "ನಯಾ ಪೈಸೆ" ಅಂತಿಟ್ರು. ಹೊಸ ಪೈಸೆ ಅಂತ ಅರ್ಥ.

ಲೆಕ್ಕ ಮಾಡಿ ನೋಡಿ. ಒಂದು ಆಣೆ ಅಂದ್ರೆ 6.25 ನಯಾ ಪೈಸೆ. ಕಾಲು ಪೈಸೆ ಕೊಡೋಕೆ ನಾಣ್ಯ ಇಲ್ಲ. ಹಾಗಾಗಿ ಸರ್ಕಾರದ ಪಟ್ಟಿಯಲ್ಲಿ ಒಂದು ಆಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಆಣೆಯಲ್ಲಿ ಬೆಲೆ ಹೇಳಿ ನಯಾ ಪೈಸೆ ತಗೊಳ್ಳೋ ಹೂವಿನವರಿಗೆ, ಸೊಪ್ಪಿನವರಿಗೆ ಒಂದೊಂದು ಆಣೆಯಂತೆ ನಾಲ್ಕು ಸಲ ಮಾರಿದ್ರೆ ಸಿಗೋದು 24. ಒಟ್ಟಿಗೆ ನಾಲ್ಕಾಣೆಗೆ ಮಾರಿದ್ರೆ 25. ಒಂದು ಪೈಸೆ ಎಲ್ಲಿ ಹೋಯ್ತು? ಪದ ಬದಲಾಗೋ ಸಂದಿಯಲ್ಲಿ ಬಿದ್ದುಹೋಯ್ತು.

1964ರ ಜೂನ್ 1ರಿಂದ "ನಯಾ" ಬಿಟ್ಟು ಬರೀ ಪೈಸೆ ಅಂದ್ರು. ಆರವತ್ತು ವರ್ಷ ದಾಟಿದೆ. ಆದ್ರೆ ಅಜ್ಜಿ ಬಿಡಿ, ಇಪ್ಪತ್ತು ವರ್ಷದ ನಾವೂ "ನನ್ ಹತ್ರ ನಯಾಪೈಸೆ ಇಲ್ಲ" ಅಂತೀವಿ. ನಾವು ನೋಡೇ ಇಲ್ಲದ ನಾಣ್ಯ ನಮ್ಮ ಹತ್ರ ಇಲ್ಲ ಅಂತ ಹೇಳ್ತಿದ್ದೀವಿ!

"ಎಂಟಾಣೆ", "ನಾಲ್ಕಾಣೆ" ಕೂಡ ಹಾಗೇ. ಆಣೆ ಹೋದ ಮೇಲೂ 50 ಪೈಸೆಗೆ, 25 ಪೈಸೆಗೆ ಆ ಹೆಸರು ಉಳೀತು. 2011ರ ಜೂನ್ ಕೊನೆಗೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು ರದ್ದಾದವು. ನಾಲ್ಕಾಣೆ ಎರಡನೇ ಸಲ ಸತ್ತಿತು. "ಹದಿನಾರಾಣೆ ಸತ್ಯ" ಅನ್ನೋದು ಮಾತ್ರ ಪೂರ್ತಿ ಜೀವಂತ.

(ಭಾಗ 8/10)
ಕಾನೂನಿನಲ್ಲಿ ಪದ ಏನು ಮಾಡುತ್ತೆ ನೋಡೋಣ.

ಒಂದು ರೂಪಾಯಿ ನೋಟು ನೋಡಿದ್ದೀರಾ? ಉಳಿದ ನೋಟುಗಳನ್ನ ರಿಸರ್ವ್ ಬ್ಯಾಂಕ್ ಹೊರಡಿಸುತ್ತೆ, ಗವರ್ನರ್ ಸಹಿ ಇರುತ್ತೆ. ಒಂದು ರೂಪಾಯಿ ನೋಟು ಭಾರತ ಸರ್ಕಾರದ್ದು, ಅದರ ಮೇಲೆ ಹಣಕಾಸು ಕಾರ್ಯದರ್ಶಿ ಸಹಿ. 2011ರ ನಾಣ್ಯ ಕಾಯ್ದೆ "ನಾಣ್ಯ" ಅಂದ್ರೆ ಏನು ಅಂತ ವಿವರಿಸೋವಾಗ ಈ ನೋಟನ್ನೂ ಸೇರಿಸಿದೆ. ಅಂದ್ರೆ ಕಾನೂನಿನ ಪ್ರಕಾರ ಆ ಕಾಗದ ಒಂದು ನಾಣ್ಯ. ಕ್ವಿಜ್ ಮಾಡೋರು ಸೇವ್ ಮಾಡ್ಕೊಳ್ಳಿ.

ಇದರ ಉಲ್ಟಾ ಕಥೆ ಹತ್ತು ರೂಪಾಯಿ ನಾಣ್ಯದ್ದು. ಅದು ಕಾನೂನಿನ ಪ್ರಕಾರ ಹಣವೇ. ಆದ್ರೆ ಎಷ್ಟು ಅಂಗಡೀಲಿ "ಇದು ಬೇಡ, ನೋಟು ಕೊಡಿ" ಅಂದಿಲ್ಲ? ರೂಪಾಯಿ ಚಿಹ್ನೆ ಇರೋದು ಒಂದು, ಇಲ್ಲದಿರೋದು ಇನ್ನೊಂದು, ಗೆರೆ ಹತ್ತೋ ಹದಿನೈದೋ, ಯಾವುದು ಅಸಲಿ ಅಂತ ಗಾಳಿಮಾತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಆವರೆಗೆ ಬಂದಿರೋ 14 ವಿನ್ಯಾಸಗಳೂ ಚಲಾವಣೆಗೆ ಅರ್ಹ ಅಂತ ಪ್ರಕಟಣೆ ಹೊರಡಿಸಬೇಕಾಯ್ತು. ಅಜ್ಜಿ ಹತ್ರ ಆಗ ಒಂದು ಡಬ್ಬಿ ತುಂಬಾ ಹತ್ತರ ನಾಣ್ಯ ಇತ್ತು. ಗಿರಾಕಿಯಿಂದ ತಗೊಂಡಿದ್ರು, ಮುಂದೆ ಯಾರೂ ತಗೊಳ್ತಿರಲಿಲ್ಲ. "ಇದು ದುಡ್ಡಲ್ವೇನೋ?" ಅಂತ ಕೇಳ್ತಿದ್ರು. ದುಡ್ಡೇ ಅಜ್ಜಿ. ಆದ್ರೆ ಸಂತೇಲಿ ಜನ ಒಪ್ಪೋವರೆಗೆ ವಿಶೇಷ ಪದ ಸಾಮಾನ್ಯ ಪದದ ಒಳಗೆ ಬರಲ್ಲ. 1799ರ ಚಿನಿವಾರ ಮಾಡ್ತಿದ್ದ ಕೆಲಸಾನೇ ಇವತ್ತು ಬೇಕರಿ ಅಂಕಲ್ ಮಾಡ್ತಿದ್ದಾರೆ.

2016ರ ನವೆಂಬರ್ 8ರ ರಾತ್ರಿ ನೆನಪಿದ್ಯಾ? ನಾವಾಗ ಇನ್ನೂ ಪ್ರೈಮರಿ ಸ್ಕೂಲು. 500, 1000ದ ಹಳೇ ನೋಟು ಆ ಮಧ್ಯರಾತ್ರಿಯಿಂದ ಚಲಾವಣೆಯಲ್ಲಿ ಇಲ್ಲ ಅಂದ್ರು. ಮನೇಲಿ ಹಣ ಇತ್ತು, ಕೊಡೋಕೆ ಬರ್ತಿರಲಿಲ್ಲ. ಬರೀ "ಹಣ್ಣು" ತಿನ್ನೋಕಾಗಲ್ಲ ಅಂದಿದ್ನಲ್ಲ, ಅದು ಆ ವಾರ ನಮ್ಮನೇಲಿ ಎಲ್ಲರಿಗೂ ಅರ್ಥ ಆಗಿತ್ತು.

(ಭಾಗ 9/10)
ಈಗ ನಮ್ಮ ಸಬ್ಜೆಕ್ಟಿಗೆ ಬರ್ತೀನಿ.

ಜಿಎಸ್‌ಟಿಯಲ್ಲಿ ಎಚ್‌ಎಸ್‌ಎನ್ ಕೋಡ್ ಓದಿದ್ದೀವಿ. ಮೊದಲ ಎರಡು ಅಂಕಿ ದೊಡ್ಡ ಗುಂಪು, ನಾಲ್ಕು ಅಂಕಿಗೆ ಹೋದ್ರೆ ಇನ್ನೂ ಚಿಕ್ಕದು, ಆರು, ಎಂಟು ಹೀಗೆ. ಸಾಮಾನ್ಯದಿಂದ ವಿಶೇಷಕ್ಕೆ ಇಳಿಯೋ ಮೆಟ್ಟಿಲು. ಒಂದು ವಸ್ತು ಎರಡು ಶೀರ್ಷಿಕೆಗೆ ಹೊಂದಿದ್ರೆ ಏನ್ಮಾಡೋದು? ಅದಕ್ಕೆ ವ್ಯಾಖ್ಯಾನದ ನಿಯಮ ಇದೆ, ಮೂರನೇ ನಿಯಮದ ಮೊದಲ ಭಾಗ: ಹೆಚ್ಚು ವಿಶೇಷವಾಗಿ ವಿವರಿಸೋ ಶೀರ್ಷಿಕೆಯನ್ನೇ ಆರಿಸಬೇಕು. ಮೋಟಾರ್ ಇರೋ ಶೇವರ್ "ಕೈಯಲ್ಲಿ ಹಿಡಿದು ಬಳಸೋ ಮೋಟಾರ್ ಉಪಕರಣ"ನೂ ಹೌದು. ಆದ್ರೆ "ಶೇವರ್" ಅಂತಾನೇ ಒಂದು ಶೀರ್ಷಿಕೆ ಇದ್ರೆ ಅಲ್ಲಿಗೇ ಹೋಗಬೇಕು. ಪೀಣ್ಯದ ಎಷ್ಟೋ ಚಿಕ್ಕ ಕಾರ್ಖಾನೆಗಳ ಬಿಲ್ಲು ನಿಂತಿರೋದು ಈ ಪದಗಳ ಲೆಕ್ಕದ ಮೇಲೆ.

ಆದ್ರೆ ನಮ್ಮ ಬದುಕಿನಲ್ಲಿ ನಾವು ಈ ನಿಯಮ ಪಾಲಿಸ್ತೀವಾ?

ನಮ್ಮ ದೊಡ್ಡಮ್ಮನ ಮಗಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ತು. ಮನೇಲಿ "ತಿಂಗಳಿಗೆ ಮೂವತ್ತು ಸಾವಿರ ಸಂಬಳ" ಅಂತ ಹೇಳಿದ್ಲು. ದೊಡ್ಡಮ್ಮ ಅದನ್ನ ನಂಬಿ ಚೀಟಿ ಹಾಕಿದ್ರು, ತಂಗಿ ಫೀಸಿಗೆ ಲೆಕ್ಕ ಇಟ್ರು. ಮೊದಲ ತಿಂಗಳು ಖಾತೆಗೆ ಬಂದಿದ್ದು 22 ಸಾವಿರ ಚಿಲ್ಲರೆ. "ಉಳಿದಿದ್ದು ಏನ್ಮಾಡ್ದೆ?" ಅಂತ ದೊಡ್ಡಮ್ಮ ಕೇಳಿಬಿಟ್ರು. ಅಕ್ಕ ಎರಡು ದಿನ ಊಟ ಬಿಟ್ಲು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಕಂಪನಿನೂ ಹೇಳಿರಲಿಲ್ಲ. "ಸಂಬಳ" ಅನ್ನೋ ಒಂದೇ ಪದದಲ್ಲಿ ಮೂರು ನಾಣ್ಯ ಇತ್ತು ಅಷ್ಟೇ.

ಒಂದು ಉದಾಹರಣೆ ಲೆಕ್ಕ ನೋಡಿ. ತಿಂಗಳ ಸಿಟಿಸಿ 30,000. ಅದರಲ್ಲಿ ಬೇಸಿಕ್ 15,000.
ಕಂಪನಿ ಪಾಲಿನ ಪಿಎಫ್ ಬೇಸಿಕ್‌ನ ಶೇ. 12: 1,800
ಗ್ರಾಚ್ಯುಟಿ ಬೇಸಿಕ್‌ನ ಶೇ. 4.81: 722
ವೇರಿಯಬಲ್ ಪೇ: 3,000
ಇನ್ಶೂರೆನ್ಸ್: 500
ಇಷ್ಟು ಕಳೆದ್ರೆ ಗ್ರಾಸ್ 23,978. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಹೋದ್ರೆ ಕೈಗೆ 22,178.

ಸಿಟಿಸಿ, ಗ್ರಾಸ್, ಇನ್‌ಹ್ಯಾಂಡ್. ಸ್ಟಾರ್ ಪಗೋಡ, ಬಹಾದ್ದೂರಿ ವರಹ, ಕಂಠೀರಾಯಿ ವರಹ. ಸಿಟಿಸಿ ಅನ್ನೋದು ಹೆಚ್ಚುಕಮ್ಮಿ ಕಂಠೀರಾಯಿ ವರಹ ಇದ್ದ ಹಾಗೆ: ಲೆಕ್ಕದಲ್ಲಿ ಇರುತ್ತೆ, ಪೂರ್ತಿಯಾಗಿ ಕೈಗೆ ಯಾವತ್ತೂ ಬರಲ್ಲ.

ಹೆಸರು ಬದಲಾಯಿಸಿ ಉಳಿಸೋ ಆಟನೂ ಇದೆ. ಬೇಸಿಕ್ ಕಮ್ಮಿ ತೋರಿಸಿ ಉಳಿದಿದ್ದಕ್ಕೆ "ಸ್ಪೆಷಲ್ ಅಲೋವೆನ್ಸ್" ಅಂತ ಹೆಸರಿಟ್ರೆ ಪಿಎಫ್ ಕಮ್ಮಿ ಕಟ್ಟಬಹುದು. ಈ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2019ರ ಫೆಬ್ರವರಿ 28ರಂದು ತೀರ್ಪು ಬಂತು: ಎಲ್ಲ ನೌಕರರಿಗೂ ಸಾಮಾನ್ಯವಾಗಿ ಕೊಡೋ ಅಂಥ ಭತ್ಯೆ ಪಿಎಫ್ ಲೆಕ್ಕಕ್ಕೆ ಬೇಸಿಕ್ ಒಳಗೇ ಬರುತ್ತೆ. ಹೆಸರು "ಸ್ಪೆಷಲ್" ಅಂತ ಇದ್ದ ಮಾತ್ರಕ್ಕೆ ವಸ್ತು ವಿಶೇಷ ಆಗಲ್ಲ.

(ಭಾಗ 10/10)
ಇಷ್ಟೆಲ್ಲ ಯಾಕೆ ಬರೆದೆ?

ಮುಂದಿನ ವರ್ಷ ನಮ್ಮ ಕ್ಲಾಸಿನವರು ಎಷ್ಟೋ ಜನ ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಇಂಟರ್‌ವ್ಯೂಗೆ ಹೋಗ್ತೀವಿ. ಎಲ್ಲರೂ ಕೇಳೋದು "ಎಷ್ಟು?" ಅಂತ. ಇನ್ಮೇಲೆ ಅದಕ್ಕೂ ಮೊದಲು "ಯಾವುದು?" ಅಂತ ಕೇಳಿ. ಯಾವ ಸಂಬಳ? ಬಡ್ಡಿಗೆ ದುಡ್ಡು ತಗೊಂಡ್ರೆ, ಯಾವ ಬಡ್ಡಿ, ತಿಂಗಳದ್ದಾ ವರ್ಷದ್ದಾ? ಪೀಜಿ ಬಾಡಿಗೆ ಅಂದ್ರೆ, ಕರೆಂಟ್ ಸೇರಿಸಿನಾ ಬಿಟ್ಟಾ? ಹಾಗೆ ಕೇಳೋದು ಸಣ್ಣತನ ಅಲ್ಲ. ನಮ್ಮ ಹಿಂದಿನವರು ಒಂದು ದೀಪದ ಎಣ್ಣೆಗೆ ಕೊಟ್ಟ ಹಾಗವನ್ನೂ ಹೆಸರು ಹಿಡಿದು ಕಲ್ಲಲ್ಲಿ ಕೆತ್ತಿಸಿದ್ದಾರೆ.

ಸಾಮಾನ್ಯ ಪದ ಬೇಡ ಅಂತ ನಾನು ಹೇಳ್ತಿಲ್ಲ. ಅದಿಲ್ಲದೆ ಮಾತಾಡೋಕೇ ಆಗಲ್ಲ. "ದುಡ್ಡಿದ್ಯಾ?" ಅಂತ ಫ್ರೆಂಡ್ ಕೇಳಿದಾಗ ನೋಟಾ, ನಾಣ್ಯನಾ, ಯುಪಿಐನಾ ಅಂತ ವಿಚಾರಣೆ ಮಾಡೋಕಾಗಲ್ಲ. ವರಹ ಹೋಗಿ ರೂಪಾಯಿ ಬಂದಾಗ, ಆಣೆ ಹೋಗಿ ಪೈಸೆ ಬಂದಾಗ, ಪೈಸೆ ಹೋಗಿ ಸೌಂಡ್‌ಬಾಕ್ಸ್ ಬಂದಾಗ, ಹಣ, ದುಡ್ಡು, ಕಾಸು ಅನ್ನೋ ಪದಗಳು ಇದ್ದಿದ್ದಕ್ಕೇ ಮಾತು ಮುರೀಲಿಲ್ಲ. ಸಾಮಾನ್ಯ ಪದ ಮಾತು ಶುರು ಮಾಡೋಕೆ. ಸಹಿ ಹಾಕೋಕೆ ಮಾತ್ರ ವಿಶೇಷ ಪದ ಬೇಕು.

ನಿನ್ನೆ ಇದನ್ನೆಲ್ಲ ಅಜ್ಜಿಗೆ ಹೇಳ್ದೆ. ಕಾಸು ಅಂದ್ರೆ ತಾಮ್ರದ ಚಿಕ್ಕ ನಾಣ್ಯ, ಅದು ನಿಂತುಹೋಗಿ ಎಷ್ಟೋ ಕಾಲ ಆಯ್ತು, ನೀನು ಹಾಗೆ ಕೇಳೋದು ತಪ್ಪು ಅಂತ ತಮಾಷೆ ಮಾಡ್ದೆ.

ಅಜ್ಜಿ ಹೂವು ಕಟ್ತಾನೇ ಇದ್ರು. "ನಾನ್ ಕೇಳಿದ್ದು ಬಂತಾ ಅಂತ ಕಣ್ಲಾ. ಅದನ್ನೇಳು" ಅಂದ್ರು.

ಪೆಟ್ಟಿಗೆ ಸುಮ್ನಿತ್ತು. ನೆಟ್‌ವರ್ಕ್ ಇರಲಿಲ್ಲ. ಗಿರಾಕಿ "ಹೋಯ್ತಮ್ಮ, ಟಿಕ್ ಬಂತು ನೋಡಿ" ಅಂತ ಫೋನ್ ತೋರಿಸ್ತಿದ್ದ. ಅಜ್ಜಿ ಅವನ ಫೋನ್ ನೋಡಲಿಲ್ಲ, ನನ್ನ ಮುಖ ನೋಡ್ತಿದ್ರು. ನಾನು ನನ್ನ ಫೋನಲ್ಲಿ ಖಾತೆ ತೆಗೆದು ನೋಡಿ ಹೇಳ್ದೆ: "ಬಂತಜ್ಜಿ. ಇಪ್ಪತ್ತು ರೂಪಾಯಿ."

ಆಮೇಲೇ ಅವರು ಮೊಳ ಹಾಕಿ ಹೂವು ಕೊಟ್ಟಿದ್ದು.

ನಿಮ್ಮ ಮನೇಲಿ ದುಡ್ಡಿಗೆ ಏನಂತಾರೆ? ಯಾವ ಊರು ಅಂತನೂ ಹಾಕಿ, ಕಾಮೆಂಟಲ್ಲಿ ಬರೀರಿ. ಪಾವಲಿ, ಬಿಲ್ಲೆ, ದುಗ್ಗಾಣಿ, ಏನೇ ಇರಲಿ. ಅಜ್ಜಿ ತಾತ ಇದ್ರೆ ಇವತ್ತೇ ಕೇಳಿ. ಬಂದ ಪದಗಳನ್ನೆಲ್ಲ ಸೇರಿಸಿ ಮುಂದಿನ ಭಾನುವಾರ ಒಂದು ಪಟ್ಟಿ ಹಾಕ್ತೀನಿ.